ನಕಲು ಪ್ರತಿ ಎಲ್ಲಿ ಹೋಯಿತು?

ಗಣಕದಲ್ಲಿ ಒಂದೇ ಸಮಯಕ್ಕೆ ಹತ್ತಾರು ಪ್ರೋಗ್ರಾಂಗಳು ಓಡುತ್ತಿರುತ್ತವೆ. ಇರುವ ಮೆಮೊರಿ ಮಾತ್ರ ಒಂದೇ. ಅದನ್ನು ಎಲ್ಲರಿಗೂ ಹಂಚುವುದು ಮತ್ತು ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕದಂತೆ ಕಾಯುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಹೊಣೆ. ಈ ಕಾವಲುಗಾರನೇ ಅರೆಕ್ಷಣ ಮೈಮರೆತರೆ ಏನಾದೀತು? ಲಿನಕ್ಸ್ ಕರ್ನೆಲ್‌ನಲ್ಲಿ ಒಂಬತ್ತು ವರ್ಷ ಅಡಗಿದ್ದು 2016ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದ ‘ಡರ್ಟಿ ಕೌ’ ದೋಷ ಇದಕ್ಕೆ ಒಳ್ಳೆಯ ನಿದರ್ಶನ.

ಬರೆಯುವಾಗ ಮಾತ್ರ ನಕಲು

ಕರ್ನೆಲ್ ಮೆಮೊರಿಯನ್ನು ಪುಟಗಳಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಒಂದು ಪುಟವೆಂದರೆ 4096 ಬೈಟ್. ಯಾವ ಪ್ರೋಗ್ರಾಂಗೆ ಯಾವ ಪುಟ, ಅದನ್ನು ಓದಬಹುದೆ, ಬರೆಯಬಹುದೆ ಎಂಬ ವಿವರ ಪುಟಪಟ್ಟಿಯಲ್ಲಿರುತ್ತದೆ. ನೂರು ಪ್ರೋಗ್ರಾಂಗಳು ಒಂದೇ ಕಡತವನ್ನು ಓದುತ್ತಿದ್ದರೆ ನೂರು ಪ್ರತಿಗಳು ಬೇಕಿಲ್ಲ; ಒಂದೇ ಪುಟವನ್ನು ಎಲ್ಲರಿಗೂ ತೋರಿಸಿದರೆ ಸಾಕು. ಯಾರಾದರೂ ತಮ್ಮ ಮಟ್ಟಿಗೆ ತಿದ್ದಲು ಹೊರಟಾಗ ಮಾತ್ರ ಅವರಿಗೆಂದೇ ಒಂದು ನಕಲು ಸಿದ್ಧವಾಗುತ್ತದೆ. ಈ ವಿಧಾನದ ಹೆಸರು ‘ಕಾಪಿ ಆನ್ ರೈಟ್’. ಇದರ ಮೊದಲಕ್ಷರಗಳೇ ಸೇರಿ ‘ಕೌ’ ಆಗಿವೆ.

ಎರಡು ಹೆಜ್ಜೆಗಳ ನಡುವೆ

ಶಾಲೆಯ ಗ್ರಂಥಾಲಯವನ್ನು ಊಹಿಸಿಕೊಳ್ಳಿ. ಪುಸ್ತಕದ ಮೇಲೆ ಗೀಚುವಂತಿಲ್ಲ. ಬೇಕಾದವರಿಗೆ ಜೆರಾಕ್ಸ್ ಪ್ರತಿ ಕೊಡುತ್ತಾರೆ. ಗ್ರಂಥಪಾಲಕರು ಪ್ರತಿ ತೆಗೆದು ಮೇಜಿನ ಮೇಲಿಟ್ಟು, ಚೀಟಿಯಲ್ಲಿದ್ದ ‘ಬರೆಯಲು’ ಎಂಬ ಪದವನ್ನು ಹೊಡೆದುಹಾಕುತ್ತಾರೆ. ಪ್ರತಿ ಸಿದ್ಧವಿದೆಯಲ್ಲ, ಇನ್ನೇಕೆ ಆ ಪದ? ಅಷ್ಟರಲ್ಲಿ ವಿದ್ಯಾರ್ಥಿಯ ಗೆಳೆಯ ಆ ಪ್ರತಿಯನ್ನು ಕಸದ ಬುಟ್ಟಿಗೆ ಎಸೆಯುತ್ತಾನೆ. ಮರಳಿ ಬಂದ ಗ್ರಂಥಪಾಲಕರಿಗೆ ಮೇಜು ಖಾಲಿ ಕಾಣುತ್ತದೆ. ಚೀಟಿಯಲ್ಲಿ ‘ಬರೆಯಲು’ ಎಂದಿಲ್ಲ, ಹಾಗಾದರೆ ಓದಲು ಕೇಳಿರಬೇಕು ಎಂದುಕೊಂಡು ಮೂಲ ಪುಸ್ತಕವನ್ನೇ ಕೊಡುತ್ತಾರೆ. ವಿದ್ಯಾರ್ಥಿಯ ಕೈಯಲ್ಲಿ ಪೆನ್ನು ಇದೆ!

ಕರ್ನೆಲ್‌ನಲ್ಲಿ ನಡೆದದ್ದೂ ಇದೇ. ಪ್ರೋಗ್ರಾಂಗಳ ದೋಷ ಹುಡುಕುವ ಸಾಧನಗಳಿಗೆ ಅನುಕೂಲವಾಗಲೆಂದು, ಓದಲು ಮಾತ್ರ ಇರುವ ಪುಟಕ್ಕೂ ಬರೆಯಲು ಒಂದು ವಿಶೇಷ ದಾರಿಯಿದೆ. ಬರಹ ನಕಲಿನ ಮೇಲೆ ಬೀಳಬೇಕು ಎಂಬುದು ನಿಯಮ. ಪ್ರೋಗ್ರಾಂನ ಒಂದು ಎಳೆ ಈ ದಾರಿಯಲ್ಲಿ ಮತ್ತೆ ಮತ್ತೆ ಬರೆಯುತ್ತದೆ. ಇನ್ನೊಂದು ಎಳೆ ‘ಈ ಪುಟ ನನಗೆ ಬೇಡ’ ಎಂದು ಹೇಳುತ್ತಲೇ ಇರುತ್ತದೆ. ನಕಲು ಮಾಡಿದ ಕ್ಷಣಕ್ಕೂ ಅದನ್ನು ಬಳಸುವ ಕ್ಷಣಕ್ಕೂ ನಡುವೆ ನಕಲು ಮಾಯವಾದರೆ, ಬರಹ ಮೂಲ ಕಡತದ ಪುಟದ ಮೇಲೆಯೇ ಬೀಳುತ್ತದೆ. ಲಕ್ಷ ಪ್ರಯತ್ನಗಳಲ್ಲಿ ಒಂದು ಫಲಿಸಿದರೂ ಸಾಕು. ಸಾಮಾನ್ಯ ಬಳಕೆದಾರನೊಬ್ಬ ಆಡಳಿತದ ಕಡತಗಳನ್ನು ತಿದ್ದಿ ಇಡೀ ಗಣಕದ ಒಡೆಯನಾಗಬಹುದಿತ್ತು. ಲಿನಕ್ಸ್ ಕರ್ನೆಲ್ ಬಳಸುವ ಆಂಡ್ರಾಯ್ಡ್ ಫೋನುಗಳೂ ಈ ಅಪಾಯದಿಂದ ಹೊರತಾಗಿರಲಿಲ್ಲ.

ಗೊತ್ತಿದ್ದೂ ಉಳಿದ ದೋಷ

ಲಿನಕ್ಸ್‌ನ ಕರ್ತೃ ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿಯೇ ಈ ಪೈಪೋಟಿಯನ್ನು ಗುರುತಿಸಿ ಸರಿಪಡಿಸಲು ಯತ್ನಿಸಿದ್ದರು. ಆದರೆ ಐಬಿಎಂನ ಎಸ್390 ಯಂತ್ರಗಳಲ್ಲಿ ತೊಡಕು ಬಂದದ್ದರಿಂದ ಆ ತಿದ್ದುಪಡಿಯನ್ನು ಹಿಂತೆಗೆಯಬೇಕಾಯಿತು. ಆಗ ಅದು ಕಾಗದದ ಮೇಲಿನ ಸಾಧ್ಯತೆಯಷ್ಟೇ ಆಗಿತ್ತು. 2007ರಲ್ಲಿ ಬಂದ 2.6.22 ಆವೃತ್ತಿಯಿಂದ ಮುಂದೆ ಅದು ನಿಜವಾದ ಅಪಾಯವಾಯಿತು. ದಾಳಿಗೆ ಒಳಗಾದ ಸರ್ವರ್ ಒಂದನ್ನು ಪರಿಶೀಲಿಸುತ್ತಿದ್ದ ಫಿಲ್ ಓಸ್ಟರ್ ಅವರಿಗೆ 2016ರಲ್ಲಿ ಇದು ಸಿಕ್ಕಿಬಿತ್ತು.

ದುರಸ್ತಿ ಮತ್ತು ದುರಸ್ತಿಯ ದೋಷ

ಟೊರ್ವಾಲ್ಡ್ಸ್ ಮಾಡಿದ ತಿದ್ದುಪಡಿ ಕೆಲವೇ ಸಾಲುಗಳದು. ಮೊದಲನೆಯದಾಗಿ, ಚೀಟಿಯ ‘ಬರೆಯಲು’ ಎಂಬ ಪದವನ್ನು ಹೊಡೆಯುವಂತಿಲ್ಲ. ‘ನಕಲು ಆಗಿದೆ’ ಎಂದು ಬೇರೆ ಗುರುತು ಹಾಕಬೇಕು. ಎರಡನೆಯದಾಗಿ, ಆ ಗುರುತನ್ನೂ ಕಣ್ಣುಮುಚ್ಚಿ ನಂಬಬಾರದು. ಪುಟಪಟ್ಟಿಯಲ್ಲಿ ಪುಟಕ್ಕೆ ‘ಡರ್ಟಿ’, ಅಂದರೆ ‘ಬರಹಕ್ಕೆ ಒಳಗಾದದ್ದು’, ಎಂಬ ಗುರುತು ಇದೆಯೇ ಎಂದು ನೋಡಬೇಕು. ಇದ್ದರೆ ಅದು ನಕಲು. ಇಲ್ಲದಿದ್ದರೆ ಮತ್ತೆ ನಕಲು ಮಾಡಬೇಕು.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2 ಮೆಗಾಬೈಟ್‌ನ ದೊಡ್ಡ ಪುಟಗಳನ್ನು ನಿಭಾಯಿಸುವ ಭಾಗದಲ್ಲಿ, ಕೇವಲ ಓದಿದಾಗಲೂ ಪುಟಕ್ಕೆ ‘ಡರ್ಟಿ’ ಗುರುತು ಬೀಳುತ್ತಿತ್ತು. ಸಾಕ್ಷಿಯೇ ಸುಳ್ಳಾದರೆ ಪರೀಕ್ಷೆಗೆ ಬೆಲೆ ಎಲ್ಲಿ? 2017ರ ನವೆಂಬರ್‌ನಲ್ಲಿ ಈ ‘ಹ್ಯೂಜ್ ಡರ್ಟಿ ಕೌ’ ಬಯಲಾಯಿತು. ಎಲ್ಲರೂ ಹಂಚಿಕೊಂಡಿದ್ದ, ಸೊನ್ನೆಗಳೇ ತುಂಬಿದ ದೊಡ್ಡ ಪುಟದ ಮೇಲೂ ಬರೆಯಲು ಸಾಧ್ಯವಾಗಿತ್ತು. 2022ರಲ್ಲಿ ಇದೇ ಜಾತಿಯ ಮತ್ತೊಂದು ದೋಷ ಕಂಡಾಗ ಡೇವಿಡ್ ಹಿಲ್ಡೆನ್‌ಬ್ರಾಂಡ್ ಆ ‘ನಕಲು ಆಗಿದೆ’ ಗುರುತನ್ನೇ ಕಿತ್ತುಹಾಕಿದರು. ಈಗ ಕರ್ನೆಲ್ ಕೇಳುವುದು ನೇರ ಪ್ರಶ್ನೆ: ಈ ಪುಟ ಈ ಪ್ರಕ್ರಿಯೆಯೊಬ್ಬರದೇ ಸ್ವತ್ತೇ?

‘ಡರ್ಟಿ’ ಗುರುತು ಹೇಳುತ್ತಿದ್ದುದು ಪುಟಕ್ಕೆ ಏನಾಯಿತು ಎಂಬುದನ್ನು. ತಿಳಿಯಬೇಕಾಗಿದ್ದುದು ಪುಟ ಯಾರದು ಎಂಬುದನ್ನು. ಒಂದರಿಂದ ಇನ್ನೊಂದನ್ನು ಊಹಿಸಿದ್ದೇ ದುರಸ್ತಿಯ ಕೊರತೆ. ಪ್ರೋಗ್ರಾಂ ಬರೆಯಲು ಕಲಿಯುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಹಿಂದೆ ನೋಡಿದ ಸ್ಥಿತಿ ಈಗಲೂ ಹಾಗೆಯೇ ಇದೆ ಎಂದುಕೊಳ್ಳಬಾರದು. ನೋಡುವಾಗಲೂ ಬೇಕಾದದ್ದನ್ನೇ ನೋಡಬೇಕು.