ಕಾರ್ಯದರ್ಶಿಗೂ ಬೇಕು ಒಬ್ಬ ಮಾರ್ಗದರ್ಶಿ

ಕಾಫಿ ಗಿಡಕ್ಕೆ ಕಾಂಡಕೊರಕ ಬಿದ್ದರೆ ಕಾಫಿ ಮಂಡಳಿಯವರನ್ನು ಕೇಳುತ್ತೇವೆ. ಗುಂಡ್ಲುಪೇಟೆ ಕಡೆ ಅರಿಸಿನದ ಗಡ್ಡೆ ಕೊಳೆತರೆ ಹರದನಹಳ್ಳಿ ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುತ್ತೇವೆ. ಆದರೆ ಸಂಘ ನಡೆಸುವ ಕಾರ್ಯದರ್ಶಿ ಯಾರನ್ನು ಕೇಳಬೇಕು? ನಿರ್ದೇಶಕರಲ್ಲಿ ಎರಡು ಗುಂಪಾದಾಗ, ಬೇಕಾದವರಿಂದಲೇ ಸಾಲ ವಸೂಲಿ ಮಾಡಬೇಕಾದಾಗ, ತನ್ನ ಅಳುಕನ್ನು ಅಧ್ಯಕ್ಷರ ಮುಂದೆಯೂ ಹೇಳಲಾಗದು, ಸದಸ್ಯರ ಮುಂದೆಯೂ ಹೇಳಲಾಗದು.

ದೊಡ್ಡ ಕಂಪನಿಗಳು ಇದಕ್ಕಾಗಿಯೇ 'ಕೋಚ್' ಒಬ್ಬರನ್ನು ಗೊತ್ತುಮಾಡುತ್ತವೆ. ಆಟದ ಕೋಚ್ ತಾನು ಮೈದಾನಕ್ಕೆ ಇಳಿಯುವುದಿಲ್ಲ, ಇವರೂ ಹಾಗೆಯೇ. ಹಸಿ ಅಡಿಕೆಯನ್ನು ಗುತ್ತಿಗೆಗೆ ಕೊಡುವುದೇ, ಸಂಘವೇ ಬೇಯಿಸಿ ಮಾರುವುದೇ ಎಂದರೆ ಸಲಹೆಗಾರರು ಉತ್ತರ ಕೊಡುತ್ತಾರೆ. ಕೋಚ್ ಪ್ರಶ್ನೆ ಕೇಳುತ್ತಾರೆ: ಸುಲಿಯಲು ಆಳು ಸಿಗುತ್ತಾರೆಯೇ? ಮಾರುವ ತನಕ ಸದಸ್ಯರಿಗೆ ಮುಂಗಡ ಎಲ್ಲಿಂದ? ನಷ್ಟವಾದರೆ ಮಹಾಸಭೆಗೆ ಏನು ಹೇಳುವಿರಿ? ತೀರ್ಮಾನ ಕಾರ್ಯದರ್ಶಿಯದೇ, ಆಡಳಿತ ಮಂಡಳಿಯದೇ.

ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕರ ಸಂಸ್ಥೆಗಳ ಯೋಜನೆಯಲ್ಲಿಯೂ ಇಂಥ ಆಸರೆಗೆ ಸ್ಥಾನವಿದೆ. ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿವರೆಗೆ ನೆರವು, ಐದು ವರ್ಷ ಕೈಹಿಡಿದು ನಡೆಸಲು ಒಂದು ಸಹಾಯಕ ಸಂಸ್ಥೆ. ಆ ಅವಧಿ ಮುಗಿದ ಮೇಲೆ? ಕೈಹಿಡಿದವರೇ ಎಲ್ಲವನ್ನೂ ತೀರ್ಮಾನಿಸಿದ್ದರೆ ಸಂಸ್ಥೆ ಅಲ್ಲಿಯೇ ಕುಸಿಯುತ್ತದೆ.

ಆದುದರಿಂದ ಆರಿಸುವಾಗ ನಾಲ್ಕು ಸಂಗತಿ ನೋಡಿರಿ.

ಒಂದು, ನಿಮ್ಮ ತೀರ್ಮಾನದಿಂದ ಅವರಿಗೆ ಲಾಭವಿರಬಾರದು. ಗೊಬ್ಬರ, ಯಂತ್ರ, ವಿಮೆ ಮಾರುವವರು ಕೋಚ್ ಆಗಲಾರರು. ಕಮಿಷನ್ ಪಡೆಯುವವರೂ ಆಗಲಾರರು.

ಎರಡು, ಅನುಭವ. ಯಾರು ಬೇಕಾದರೂ ಕೋಚ್ ಎಂದು ಬೋರ್ಡು ಹಾಕಿಕೊಳ್ಳಬಹುದು. 1995ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಷನ್ 100, 500 ಮತ್ತು 2,500 ಗಂಟೆಗಳ ಅನುಭವದ ಮೇಲೆ ಮೂರು ದರ್ಜೆಯ ಅರ್ಹತಾಪತ್ರ ಕೊಡುತ್ತದೆ. ಪತ್ರವೊಂದೇ ಸಾಲದು, ಹಿಂದೆ ಅವರಿಂದ ನೆರವು ಪಡೆದ ಇಬ್ಬರನ್ನು ವಿಚಾರಿಸಿರಿ.

ಮೂರು, ಗುಟ್ಟು. ಹಣ ಕೊಡುವುದು ಸಂಘ, ಮನಸ್ಸು ಬಿಚ್ಚುವವರು ಕಾರ್ಯದರ್ಶಿ. ಆಡಳಿತ ಮಂಡಳಿಗೆ ಏನನ್ನು ತಿಳಿಸಬೇಕು, ಏನನ್ನು ತಿಳಿಸಬಾರದು ಎಂಬುದು ಮೊದಲೇ ಬರಹದಲ್ಲಿರಲಿ.

ನಾಲ್ಕು, ಅವಧಿ. ಆರು ತಿಂಗಳಿಗೆ ಗೊತ್ತುಮಾಡಿ. ವಸೂಲಿ ಸುಧಾರಿಸಿತೇ, ಸಭೆಗಳು ಹೊತ್ತಿಗೆ ಸರಿಯಾಗಿ ಮುಗಿಯುತ್ತಿವೆಯೇ ಎಂದು ನೋಡಿ ಮುಂದುವರಿಸಿರಿ.

ಒಂದು ಎಚ್ಚರಿಕೆ. ಲೆಕ್ಕ ತಾಳೆಯಾಗದಿದ್ದರೆ ಅದು ಲೆಕ್ಕಪರಿಶೋಧಕರ ಕೆಲಸ. ಅದಕ್ಕೆ ಕೋಚ್ ಮದ್ದಲ್ಲ.

ಗೋದಾಮಿನ ದುರಸ್ತಿಗೆ ಪ್ರತಿವರ್ಷ ಬಾಬ್ತು ಇಡುತ್ತೇವೆ. ಅದರ ಬೀಗದಕೈ ಹಿಡಿದವರ ತರಬೇತಿಗೂ ಈ ಸಲದ ಬಜೆಟ್ಟಿನಲ್ಲಿ ಒಂದು ಸಣ್ಣ ಬಾಬ್ತು ಇಡಬಾರದೇ? ಮಾನ್ಯ ಸದಸ್ಯರು ಮಹಾಸಭೆಯಲ್ಲಿ ಈ ವಿಷಯ ಎತ್ತಬೇಕೆಂದು ಕೋರುತ್ತೇವೆ.