ಮಲಗಿದವರಿಗೂ ಬೆಲ್ಟ್ ಬೇಕು

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ. ಆ ದಾರಿಯನ್ನು ಆಂಬುಲೆನ್ಸಿನ ಬೆಂಚಿನ ಮೇಲೆ ಕೂತು ಸವೆಸಿದವರು ನಮ್ಮ ಕಡೆ ಬಹಳ ಜನ. ನಾನೂ ಒಮ್ಮೆ ಹೋಗಿದ್ದೆ. ಬೇಗೂರಿನ ಹತ್ತಿರ ದನ ಅಡ್ಡ ಬಂತು, ಡ್ರೈವರ್ ಜೋರಾಗಿ ಬ್ರೇಕ್ ಒತ್ತಿದರು. ಸ್ಟ್ರೆಚರ್ ಅಲ್ಲಾಡಲಿಲ್ಲ. ಅದರ ಮೇಲಿದ್ದ ಚಿಕ್ಕಪ್ಪ ಮಾತ್ರ ಗೇಣುದ್ದ ಮುಂದಕ್ಕೆ ಜಾರಿದರು. ಹೆಗಲಿನ ಬೆಲ್ಟುಗಳು ಹಾಸಿಗೆಯ ಅಡಿಯಲ್ಲಿ ಮಡಚಿದ ಹಾಗೇ ಇದ್ದವು.

ತಪ್ಪು ಕಲ್ಪನೆ: ಸೊಂಟಕ್ಕೆ, ಕಾಲಿಗೆ ಬೆಲ್ಟ್ ಕಟ್ಟಿದರೆ ಸಾಕು.

ವಾಸ್ತವ: ರೋಗಿಯ ತಲೆ ಸಾಮಾನ್ಯವಾಗಿ ಡ್ರೈವರ್ ಕಡೆಗಿರುತ್ತದೆ. ಗಾಡಿ ಡಿಕ್ಕಿ ಹೊಡೆದರೆ ಮೈ ತಲೆಯ ದಿಕ್ಕಿಗೇ ನುಗ್ಗುತ್ತದೆ, ಅಡ್ಡ ಬೆಲ್ಟುಗಳ ಕೆಳಗೇ ನುಸುಳಿಬಿಡುತ್ತದೆ. ಅದನ್ನು ತಡೆಯುವುದು ಎರಡೂ ಹೆಗಲ ಮೇಲಿಂದ ಬರುವ ಪಟ್ಟಿಗಳು. ಗರ್ಭಿಣಿಗೂ ಬೆಲ್ಟ್ ಬೇಕು. ಅದು ಹೊಟ್ಟೆಯ ಮೇಲೆ ಬಾರದೆ, ಹೊಟ್ಟೆಯ ಕೆಳಗೆ ತೊಡೆಯ ಬುಡದಲ್ಲಿ ಕೂರಬೇಕು.

ತಪ್ಪು ಕಲ್ಪನೆ: ಪಕ್ಕದಲ್ಲಿ ನಾವಿದ್ದೇವಲ್ಲ, ಹಿಡಿದುಕೊಳ್ಳುತ್ತೇವೆ.

ವಾಸ್ತವ: ಗಂಟೆಗೆ 50 ಕಿ.ಮೀ. ವೇಗದ ಗಾಡಿ ಒಂದು ಮೀಟರಿನೊಳಗೆ ನಿಂತುಹೋದರೆ, 60 ಕೆ.ಜಿ. ತೂಗುವ ಮನುಷ್ಯನನ್ನು ತಡೆಯಲು ಸುಮಾರು 600 ಕೆ.ಜಿ. ಭಾರ ತಡೆಯುವಷ್ಟು ಬಲ ಬೇಕು. ಯಾವ ಮಗನ ಕೈಗೂ ಅಷ್ಟು ಶಕ್ತಿಯಿಲ್ಲ. ತಾಯಿಯ ಮಡಿಲಿನ ಕೂಸಿಗೂ, ಕಟ್ಟದೆ ಇಟ್ಟ ಆಕ್ಸಿಜನ್ ಸಿಲಿಂಡರಿಗೂ ಇದೇ ಲೆಕ್ಕ.

ತಪ್ಪು ಕಲ್ಪನೆ: ರೋಗಿಯನ್ನು ಸಾಗಿಸುವ ಹೆಲಿಕಾಪ್ಟರ್ ಬಿದ್ದರೆ ಯಾರೂ ಉಳಿಯುವುದಿಲ್ಲ, ಅಲ್ಲಿ ಬೆಲ್ಟ್ ಯಾಕೆ?

ವಾಸ್ತವ: 2025ರ ಮೇ 17ರಂದು ರಿಷಿಕೇಶ ಏಮ್ಸ್‌ನ ಹೆಲಿ ಆಂಬುಲೆನ್ಸ್ ಕೇದಾರನಾಥದಲ್ಲಿ ಇಳಿಯುವಾಗ ಬಾಲದ ಭಾಗ ಮುರಿದು ನೆಲಕ್ಕೆ ಬಡಿಯಿತು. ಅದು ರೋಗಿಯನ್ನು ಕರೆತರಲು ಹೊರಟಿತ್ತು; ಒಳಗಿದ್ದ ಮೂವರೂ ಬದುಕಿದರು. ಇಂಥ ಅಪಘಾತಗಳಲ್ಲಿ ಜನ ಉಳಿಯುತ್ತಾರೆ ಎಂದೇ ಅಮೆರಿಕದ ವಿಮಾನಯಾನ ನಿಯಮ ಸ್ಟ್ರೆಚರಿಗೂ ಅಳತೆ ಇಟ್ಟಿದೆ: ಸುಮಾರು 77 ಕೆ.ಜಿ.ಯ ವ್ಯಕ್ತಿ ತನ್ನ ತೂಕದ 16 ಪಟ್ಟು ಬಲದಿಂದ ಮುಂದಕ್ಕೆ ತಳ್ಳಿದರೂ ಅದು ತಡೆಯಬೇಕು. ಸ್ಟ್ರೆಚರನ್ನು ಹೆಲಿಕಾಪ್ಟರಿನ ಉದ್ದಕ್ಕೆ ಹಾಕಿದ್ದರೆ ಮುಂದಿನ ತುದಿಗೆ ಮೆತ್ತನೆಯ ತಡೆಹಲಗೆಯೋ ಗಟ್ಟಿ ಬಟ್ಟೆಯ ಪರದೆಯೋ ಇರಬೇಕು.

ನಮ್ಮ ರಸ್ತೆಯ ಗಾಡಿಯಲ್ಲಿ ಅಷ್ಟೆಲ್ಲ ಕೇಳುವುದು ಕಷ್ಟ. ಆದರೆ ಬೆಲ್ಟುಗಳು ಎಷ್ಟೋ ಸಲ ಅಲ್ಲೇ ಇರುತ್ತವೆ. ಗಾಡಿಯ ಬಾಗಿಲು ಹಾಕುವ ಮುಂಚೆ ಹಾಸಿಗೆಯ ಅಡಿಗೆ ಕೈ ಹಾಕಿ ನೋಡಿ, ಹೆಗಲಿನ ಪಟ್ಟಿ ಕಟ್ಟಿಸಿ, ಆಮೇಲೆ ಹೊರಡಿ ಎನ್ನಿ.