ಹಗುರ ಮಣ್ಣಿನ ಹೊಗೆಸೊಪ್ಪು

ಶಾಂಪೇನ್ ಒಂದು ಬಗೆಯ ಮದ್ಯವೆಂದು ನೀವು ಕೇಳಿರಬಹುದು. ಮೂಲತಃ ಅದು ಫ್ರಾನ್ಸಿನ ಒಂದು ಪ್ರಾಂತ್ಯದ ಹೆಸರು. ಅಲ್ಲಿನ ಸುಣ್ಣದ ನೆಲ ಮತ್ತು ತಂಪು ಹವೆಯಲ್ಲಿ, ಗೊತ್ತುಪಡಿಸಿದ ಎಲ್ಲೆಯೊಳಗೆ ಬೆಳೆದ ದ್ರಾಕ್ಷಿಯಿಂದ ಮಾಡಿದ ಮದ್ಯಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಫ್ರಾನ್ಸಿನಲ್ಲಿ ಕಾನೂನಿದೆ. ನೆಲದ ಗುಣ ಬೆಳೆಗೆ ಇಳಿಯುತ್ತದೆಂಬ ಈ ತಿಳಿವಿಗೆ ನಮ್ಮ ಮೈಸೂರು ಜಿಲ್ಲೆಯಲ್ಲೂ ಒಂದು ಉದಾಹರಣೆಯಿದೆ. ಅದು ದ್ರಾಕ್ಷಿಯಲ್ಲ, ಹೊಗೆಸೊಪ್ಪು.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಕಡೆಗೆ ಜುಲೈ, ಆಗಸ್ಟ್ ತಿಂಗಳಲ್ಲಿ ಹೋದರೆ ಹೊಲಗಳ ನಡುವೆ ಎತ್ತರದ ಬ್ಯಾರನ್‌ಗಳು ಕಾಣುತ್ತವೆ. ಇಲ್ಲಿ, ಮತ್ತು ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳಲ್ಲಿ ಬೆಳೆಯುವ ವರ್ಜೀನಿಯಾ ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ದಾಖಲೆಗಳಲ್ಲಿ 'ಕರ್ನಾಟಕ ಹಗುರ ಮಣ್ಣು' ಎಂದೇ ಹೆಸರು. ಆಂಧ್ರದ ಬೆಳೆಗೂ ಉತ್ತರ ಹಗುರ ಮಣ್ಣು, ದಕ್ಷಿಣ ಹಗುರ ಮಣ್ಣು, ದಕ್ಷಿಣ ಕಪ್ಪು ಮಣ್ಣು ಎಂಬ ಹೆಸರುಗಳಿವೆ. ಸೊಪ್ಪನ್ನು ಗುರುತಿಸುವುದೇ ಮಣ್ಣಿನಿಂದ!

ಹಗುರವೆಂದರೆ ತೂಕದಲ್ಲಿ ಹಗುರವಲ್ಲ. ಒಂದೇ ಅಳತೆಯ ಡಬ್ಬಿಯಲ್ಲಿ ಒಣ ಮರಳು ಮಣ್ಣು ಜೇಡಿ ಮಣ್ಣಿಗಿಂತ ಸಾಮಾನ್ಯವಾಗಿ ಹೆಚ್ಚೇ ತೂಗುತ್ತದೆ. ಉಳಲು ಸಲೀಸು ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ. ಮರಳು ಮಿಶ್ರಿತ ಈ ಕೆಂಪು ಮಣ್ಣಿನಲ್ಲಿ ಜೇಡಿ ಕಡಿಮೆ, ಸಾವಯವ ಅಂಶ ಕಡಿಮೆ, ಸಾರಜನಕವೂ ಕಡಿಮೆ. ನೀರು ಬೇಗ ಬಸಿದುಹೋಗುತ್ತದೆ. ಬೇರೆ ಬೆಳೆಗಾದರೆ ಇವೆಲ್ಲ ಕೊರತೆಗಳು. ವರ್ಜೀನಿಯಾಕ್ಕೆ ಮಾತ್ರ ಇವೇ ಬೇಕು. ಏಕೆಂದರೆ ಎಲೆ ಬಲಿಯುವ ಹೊತ್ತಿಗೆ ಮಣ್ಣಿನ ಸಾರಜನಕ ತೀರಿರಬೇಕು. ಆಗ ಹಸಿರು ಕರಗಿ ಎಲೆಯಲ್ಲಿ ಪಿಷ್ಟ ಕೂಡುತ್ತದೆ, ಹದ ಮಾಡುವಾಗ ಆ ಪಿಷ್ಟ ಸಕ್ಕರೆಯಾಗುತ್ತದೆ. ಸಾರಜನಕ ಮಿಕ್ಕಿದ್ದರೆ ಎಲೆ ಹಸಿರಾಗಿಯೇ ಉಳಿದು, ಬ್ಯಾರನ್ನಿನಿಂದ ಕಂದಾಗಿ ಹೊರಬರುತ್ತದೆ.

ಇನ್ನೊಂದು ಸಂಗತಿ ಕ್ಲೋರೈಡು. ಇದು ಹೆಚ್ಚಿದ್ದರೆ ಎಲೆ ಸರಿಯಾಗಿ ಉರಿಯದು. ಚೆನ್ನಾಗಿ ಬಸಿಯುವ ನೆಲದಲ್ಲಿ ಮಳೆನೀರು ಕ್ಲೋರೈಡನ್ನು ಕೆಳಕ್ಕೆ ತೊಳೆದೊಯ್ಯುತ್ತದೆ. ಆದ್ದರಿಂದಲೇ ಇಲ್ಲಿನ ರೈತರು ಪೊಟ್ಯಾಷನ್ನು ಅಗ್ಗದ ಮ್ಯೂರಿಯೇಟ್ ರೂಪದಲ್ಲಿ ಕೊಡದೆ, ದುಬಾರಿಯಾದರೂ ಸಲ್ಫೇಟ್ ರೂಪದಲ್ಲಿ ಕೊಡಬೇಕು. ಮ್ಯೂರಿಯೇಟ್ ಎಂಬುದು ಪೊಟ್ಯಾಸಿಯಂ ಕ್ಲೋರೈಡೇ.

ಹವಾಗುಣವೂ ಇದಕ್ಕೆ ಹೊಂದಿಕೊಂಡಿದೆ. ಕೊಡಗಿನ ಮಲೆನಾಡಿಗೂ ಪೂರ್ವದ ಒಣ ಬಯಲಿಗೂ ನಡುವಿನ ಅರೆಮಲೆನಾಡಿದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳು ಕೃಷಿ ಹವಾಮಾನದ ಲೆಕ್ಕದಲ್ಲಿ ದಕ್ಷಿಣ ಸಂಕ್ರಮಣ ವಲಯಕ್ಕೆ ಸೇರುತ್ತವೆ. ವಲಯದ ವಾರ್ಷಿಕ ಮಳೆ ಸುಮಾರು 600ರಿಂದ 1,050 ಮಿಲಿಮೀಟರ್. ಮೇ ತಿಂಗಳಲ್ಲಿ ಸಸಿ ನೆಟ್ಟು, ಮುಂಗಾರನ್ನೇ ನಂಬಿ ಬೆಳೆಸುತ್ತಾರೆ. ಬುಡದಿಂದ ಬಲಿತ ಎಲೆಗಳನ್ನು ಕಂತು ಕಂತಾಗಿ ಮುರಿದು ಬ್ಯಾರನ್ನಿನಲ್ಲಿ ತೂಗುಹಾಕಿ, ಕಬ್ಬಿಣದ ಕೊಳವೆಗಳ ಕಾವಿನಲ್ಲಿ ಐದಾರು ದಿನ ಹದ ಮಾಡುತ್ತಾರೆ. ಹೆಸರು ಹೊಗೆಸೊಪ್ಪಾದರೂ ಎಲೆಗೆ ಹೊಗೆ ಸೋಕಬಾರದು.

1975ರ ತಂಬಾಕು ಮಂಡಳಿ ಕಾಯ್ದೆಯಂತೆ, 1976ರ ಜನವರಿಯಲ್ಲಿ ಗುಂಟೂರಿನಲ್ಲಿ ಮಂಡಳಿ ಆರಂಭವಾಯಿತು. ವರ್ಜೀನಿಯಾ ಬೆಳೆಯಲು ನೋಂದಣಿ ಬೇಕು, ಬ್ಯಾರನ್ನಿಗೆ ಪರವಾನಗಿ ಬೇಕು. ಪ್ರತಿ ವರ್ಷದ ಬೆಳೆಯ ಪ್ರಮಾಣವನ್ನು ಮಂಡಳಿ ನಿಗದಿ ಮಾಡುತ್ತದೆ. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಲ್ಲಿ ಆರಂಭವಾಯಿತು. ಶಾಂಪೇನಿನ ಎಲ್ಲೆ ಹೆಸರನ್ನು ಕಾಯುತ್ತದೆ. ಇಲ್ಲಿನ ವಿಂಗಡಣೆ ಮಾರಾಟವನ್ನು ಕಾಯುತ್ತದೆ ಎನ್ನಬಹುದು.

ಆದರೆ ಈ ಬೆಳೆಯ ಕೊನೆ ಬೀಡಿ, ಸಿಗರೇಟಿನ ಪೈಕಿ ಸಿಗರೇಟಿನಲ್ಲಿ, ಅದರಿಂದ ಕ್ಯಾನ್ಸರು, ಹೃದ್ರೋಗ. ಒಂದು ಕಿಲೋ ಸೊಪ್ಪು ಹದಕ್ಕೆ ಬರಲು ಸುಮಾರು 4–5 ಕಿಲೋ ಸೌದೆ ಉರಿಯಬೇಕು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯಕ್ಕೆ ಉತ್ತೇಜನ ಕೊಡಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ.

ಪರ್ಯಾಯದ ಕಷ್ಟ ಮತ್ತೆ ಮಣ್ಣಿನಲ್ಲೇ ಇದೆ. ಮುಸುಕಿನ ಜೋಳಕ್ಕೆ ಸಾರಜನಕ ಹೆಚ್ಚು ಬೇಕು, ಈ ನೆಲ ಅದನ್ನು ಹಿಡಿದಿಡದು. ಶುಂಠಿಗೆ ನೀರೂ ಗೊಬ್ಬರವೂ ಹೇರಳವಾಗಿ ಬೇಕು. ರಾಗಿ, ಹುರುಳಿ, ಅವರೆ ಇಲ್ಲಿಗೆ ಒಗ್ಗುತ್ತವೆ. ಹೊಗೆಸೊಪ್ಪು ಮುಗಿದ ಹೊಲದಲ್ಲಿ ರಾಗಿ ಬಿತ್ತಿದರೆ, ಮರಳು ಮಣ್ಣಿನಲ್ಲಿ ಹೆಚ್ಚುವ ಬೇರುಗಂಟು ಜಂತುಹುಳುವಿನ ಕಾಟವೂ ತಗ್ಗುತ್ತದೆ. ಆದರೆ ಅವರೆ, ಹುರುಳಿಯ ಮೂಟೆಗಳನ್ನು ಕೊಳ್ಳಲು ಹೊಗೆಸೊಪ್ಪಿಗಿರುವಂಥ ಹರಾಜು ಕಟ್ಟೆ ಇಲ್ಲ.